ಸುದ್ದಿಯಿಲ್ಲದ ಓಟ

ಬಾಳ್ಳುಪೇಟೆಯ ಲಕ್ಕಯ್ಯ ಮೇಸ್ತ್ರಿ ಎಂಟು ವರ್ಷದಿಂದ ಸಾಯುತ್ತಿದ್ದ. ಸುಮ್ಮಸುಮ್ಮನೆ ಸಾಯುವ ಆಳಲ್ಲ ಅವನು. ಎಸ್ಟೇಟಿನಲ್ಲಿ ಆಯುಸ್ಸೆಲ್ಲ ಆಳುಗಳನ್ನು ಮೇಯಿಸಿದವನು, ಸಾಯುವ ಕೆಲಸವನ್ನೂ ಕಾಫಿ ಕೊಯ್ಲಿನ ಹಾಗೆ ಮುಂಚೆಯೇ ಸಜ್ಜು ಮಾಡಿಟ್ಟಿದ್ದ. ಮನೆಯ ಹಿಂದೆ ತಗಡಿನ ಮಾಡು ಹಾಕಿಸಿ, ಅದರ ಕೆಳಗೆ ತನ್ನ ಚಿತೆಗೆಂದು ಮಾವಿನ ಸೌದೆ ಸೀಳಿಸಿ, ಒಣಗಿಸಿ, ಗೋಡೆ ಕಟ್ಟಿದ ಹಾಗೆ ಒಟ್ಟಿಸಿದ್ದ. ಮಗಳು ಗಂಗಾಮಣಿ ಬಚ್ಚಲೊಲೆಗೆ ಅದರಿಂದ ಒಂದು ಸೀಳು ಎಳೆದರೂ ಸಾಕು, ಒಳಗಿನಿಂದ ಗುಡುಗು ಬರುತ್ತಿತ್ತು.

"ನನ್ ಸೌದೆ ಮುಟ್ಬೇಡ ಕಣೇ! ನಾಳೆ ನಾನು ಅರ್ಧಂಬರ್ಧ ಬೆಂದು ಮಲಗಿದ್ರೆ ಕೆಟ್ಟ ಹೆಸ್ರು ನಿಂಗೇ ಬರೋದು."

"ಬರ್ಲಿ ಬಿಡಪ್ಪ. ನೀನು ಸಾಯೋ ಹೊತ್ಗೆ ನಾನೇ ಇರ್ತೀನೋ ಇಲ್ವೋ" ಎನ್ನುತ್ತಿದ್ದಳು ಗಂಗಾಮಣಿ. ಅವಳು ಪೇಟೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡು, ಬೆಳಗ್ಗೆ ಡೈರಿಗೆ ಹಾಲು ಹಾಕಿ, ಸ್ಕೂಟರಿನಲ್ಲಿ ಊರೆಲ್ಲ ಸುತ್ತುವ ಹೆಂಗಸು. ಅಪ್ಪನ ಸಾವಿಗೆ ಹೆದರುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಹೆದರುವವನು ಇನ್ನೊಬ್ಬನಿದ್ದ. ಲಕ್ಕಯ್ಯನ ತಂಗಿಯ ಮಗ ನಟರಾಜ್. ದೂರದ ಗಂಗಾವತಿಯಲ್ಲಿ ಸರ್ಕಾರಿ ಬಸ್ಸಿನ ಡ್ರೈವರ್. ಪ್ರತಿ ಚಳಿಗಾಲ ಅವನಿಗೆ ಮಾವನ ಫೋನು ಬರುತ್ತಿತ್ತು: "ಈ ಸಲ ಗ್ಯಾರಂಟಿ ಕಣೋ. ಬಂದು ಮುಖ ನೋಡ್ಕಂಡ್ ಹೋಗು." ನಟರಾಜ್ ಎದೆ ಹಿಡಿದುಕೊಂಡು, ರಜೆಗೆ ಅಂಗಲಾಚಿ, ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದರೆ, ಸಾಯಬೇಕಾದ ಮಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದ. ಅಳಿಯನ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಮುಂದೆ ನಡೆಯುತ್ತಿದ್ದ.

ಈ ಜನವರಿಯಲ್ಲೂ ಫೋನು ಬಂತು. ಆದರೆ ಈ ಸಲ ನಟರಾಜನ ತಲೆಯ ಮೇಲೆ ಅವನದ್ದೇ ಒಂದು ಕತ್ತಿ ತೂಗುತ್ತಿತ್ತು. ಅದನ್ನು ಹೇಳುವ ಮುಂಚೆ ಅವನ ಕಾಲುಗಳ ಕತೆ ಹೇಳಬೇಕು.

ತಂದೆ ತೀರಿಕೊಂಡ ಮೇಲೆ ನಟರಾಜ್ ತಾಯಿಯ ಸೆರಗು ಹಿಡಿದು ಈ ಮಾವನ ಮನೆ ಸೇರಿದವನು. ಓದು ತಲೆಗೆ ಹತ್ತಲಿಲ್ಲ. ದೇವರು ತಲೆಗೆ ಕೊಡಬೇಕಾದದ್ದನ್ನೂ ಕಾಲಿಗೇ ಕೊಟ್ಟಿದ್ದ. ಕೊಕ್ಕರೆಯ ಕಾಲು, ಕುದುರೆಯ ದಮ್ಮು. ಫೋನೆಂಬುದು ಅಂಚೆ ಕಚೇರಿಯಲ್ಲಿ ಮಾತ್ರ ಇದ್ದ ಕಾಲ ಅದು. ಯಾರಾದರೂ ತೀರಿಕೊಂಡರೆ ನೆಂಟರಿಷ್ಟರಿಗೆ ಸುದ್ದಿ ಮುಟ್ಟಿಸುವುದಕ್ಕೆ ಊರು ಹುಡುಕುತ್ತಿದ್ದದ್ದು ಇವನನ್ನು. ಪಾಳ್ಯಕ್ಕೆ ಓಡು, ಆಲೂರಿಗೆ ಓಡು, ಅತ್ತ ದೋಣಿಗಲ್‌ಗೆ ಓಡು. ಇವನು ಓಡುತ್ತಿದ್ದ.

ಸಾವಿನ ಸುದ್ದಿ ಒಯ್ಯುವವನಿಗೆ ಆ ಸೀಮೆಯಲ್ಲಿ ಕಟ್ಟುಕಟ್ಟಳೆಯುಂಟು. ಅವನು ಹೊಸ್ತಿಲು ದಾಟಬಾರದು. ಕೂರಬಾರದು. ಕಾಫಿಯಿರಲಿ, ಒಂದು ತೊಟ್ಟು ನೀರೂ ಮುಟ್ಟಬಾರದು. ಹೊರಡುವಾಗ ಎಲ್ಲರೂ ಹೇಳುವ 'ಬರ್ತೀನಿ' ಎಂಬ ಮಾತನ್ನು ಆಡಬಾರದು. ಆಡಿದರೆ ಸಾವೂ ಅವನ ಹಿಂದೆಯೇ ಮತ್ತೆ ಬರುತ್ತದೆ ಎಂಬ ಭಯ. ತಲೆಗೊಂದು ಬಿಳಿ ವಸ್ತ್ರ ಸುತ್ತಿಕೊಂಡು, ಅಂಗಳದ ಹೊರಗೆ ನಿಂತು, ವಿಷಯ ತಿಳಿಸಿ, ಕೈಯೆತ್ತಿ ಮುಂದಿನ ಮನೆಗೆ ಹೋಗುತ್ತಿರಬೇಕು. ಎಷ್ಟೋ ಸಲ ವಿಷಯ ತಿಳಿಸುವ ಕಷ್ಟವೂ ಇರುತ್ತಿರಲಿಲ್ಲ. ನಟರಾಜ್ ತಿರುವಿನಲ್ಲಿ ಕಂಡರೆ ಸಾಕು, ಹೆಂಗಸರು ಒಲೆಯ ಮೇಲಿನ ಪಾತ್ರೆ ಇಳಿಸುತ್ತಿದ್ದರು. ನೆಂಟರಲ್ಲಿ ಯಾರು ಕಾಯಿಲೆಯವರಿದ್ದಾರೆ ಎಂದು ಯೋಚಿಸಿದರೆ ಉಳಿದದ್ದು ತಾನಾಗಿ ಹೊಳೆಯುತ್ತಿತ್ತು.

ಆಮೇಲೆ ಅವನು ಲಾರಿಯ ಕ್ಲೀನರ್ ಆದ. ದೋಣಿಗಲ್ಲಿನ ಘಾಟಿಯಲ್ಲಿ ಸ್ಟೀರಿಂಗ್ ಹಿಡಿದು ಕಲಿತ. ಹಾವಿನ ಹಾಗೆ ಸುತ್ತುವ ದಾರಿಯಲ್ಲಿ ತಯಾರಾದ ಕೈಗೆ ನೌಕರಿ ಸಿಕ್ಕಿದ್ದು ದಾರ ಎಳೆದ ಹಾಗೆ ನೆಟ್ಟಗಿರುವ ಬಯಲುಸೀಮೆಯಲ್ಲಿ. ಈಜು ಕಲಿತವನನ್ನು ಅಂಗಳ ಗುಡಿಸಲು ಇಟ್ಟ ಹಾಗೆ. ಆದರೂ ಸ್ಟೀರಿಂಗು ಸ್ಟೀರಿಂಗೇ. ಅವನ ಕಾಲು ಬ್ರೇಕಿಗೂ ಕ್ಲಚ್ಚಿಗೂ ಒಗ್ಗಿಕೊಂಡು, ಓಡುವುದನ್ನು ಮರೆಯಿತು, ಹೊಟ್ಟೆ ಸ್ಟೀರಿಂಗನ್ನು ಮುಟ್ಟುವ ತನಕ ಬೆಳೆಯಿತು. ಐವತ್ತೇಳನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ಕಾಯಿಲೆಗಿಂತ ಡಾಕ್ಟರ ಮಾತು ಹೆಚ್ಚು ಚುಚ್ಚಿತು.

"ಮುಂದಿನ ತಪಾಸಣೆಯ ಹೊತ್ತಿಗೆ ಸಕ್ಕರೆ ಇಳಿಯದಿದ್ದರೆ ಬಸ್ಸು ಕೊಡುವುದಿಲ್ಲ. ಡಿಪೋದ ಗೇಟಿನಲ್ಲಿ ಕುರ್ಚಿ ಹಾಕಿಸುತ್ತೇವೆ. ಹೋಗಿ ಬರುವ ಬಸ್ಸಿನ ನಂಬರು ಬರೆದುಕೊಂಡಿರಿ."

ಸ್ಟೀರಿಂಗ್ ಬಿಟ್ಟ ಡ್ರೈವರೆಂದರೆ ಹಲ್ಲು ಕಿತ್ತ ಹಾವು. ಬುಟ್ಟಿಯಲ್ಲಿಟ್ಟು ತೋರಿಸಬಹುದು, ಅಷ್ಟೆ. ನಟರಾಜ್ ಅಂದಿನಿಂದ ಬೆಳಗ್ಗೆ ಓಡತೊಡಗಿದ. ಡಿಪೋದ ಗೆಳೆಯನೊಬ್ಬ ಗುಟ್ಟು ಹೇಳಿಕೊಟ್ಟಿದ್ದ: ಓಡುವಾಗ ಬಾಯಿ ಬಿಡಬಾರದು, ಮೂಗಿನಲ್ಲೇ ಉಸಿರು, ಮಾತಾಡಿದರೆ ದಮ್ಮು ಒಡೆಯುತ್ತದೆ. ಹೆಂಡತಿ ಆಶಾ ಮನೆಯಿಂದ ಸಕ್ಕರೆ ಡಬ್ಬಿಯನ್ನೇ ಗಡೀಪಾರು ಮಾಡಿದಳು. ಸೊಂಟದ ಸುತ್ತಳತೆ ಇಳಿಯಿತು. ತಪಾಸಣೆ ಬರುವ ಸೋಮವಾರ ಎನ್ನುವಾಗ ಮಾವ ಸಾಯುವ ಫೋನು ಬಂತು.

"ಹೋಗಿ ಬನ್ನಿ. ಆದರೆ ನಿಮ್ಮೂರಿನವರ ಕಾಫಿ ಮುಟ್ಟಿದಿರೋ, ಸೋಮವಾರದಿಂದ ಗೇಟಿನಲ್ಲಿ ಕುರ್ಚಿ" ಎಂದು ಆಶಾ ಕಳಿಸಿದ್ದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಬೆಟ್ಟಗಳ ಕಡೆ ಮನೆಗೆ ಬಂದವನಿಗೆ ಕಾಫಿ ಕೊಡುವುದೆಂದರೆ ಬೆಲ್ಲದ ಪಾನಕಕ್ಕೆ ಕಾಫಿಯ ಬಣ್ಣ ಹಾಕಿ ಕೊಡುವುದು. ಬೇಡವೆಂದರೆ ಹಗೆತನ.

ಬುಧವಾರ ಸಂಜೆ ಅವನು ಬಂದಿಳಿದಾಗ ಮಾವ ಎಂದಿನಂತೆ ಬಸ್‌ಸ್ಟ್ಯಾಂಡಿನಲ್ಲಿದ್ದ. ರಾತ್ರಿ ಊಟಕ್ಕೆ ಗಂಗಾಮಣಿ ಕಾಯಿಹೂರಣದ ಕಡುಬು ಮಾಡಿದ್ದಳು. ನಟರಾಜ್ ಎರಡು ರಾಗಿ ಮುದ್ದೆಗೆ ಸೊಪ್ಪಿನ ಸಾರು ಕೇಳಿದ.

"ಏನ್ಲಾ ಇದು! ಸಾಯ್ತಿರೋನು ನಾನು, ಪಥ್ಯ ಮಾಡ್ತಿರೋನು ನೀನು" ಎಂದು ಲಕ್ಕಯ್ಯ ಅವನ ಪಾಲಿನ ಕಡುಬನ್ನೂ ತನ್ನ ತಟ್ಟೆಗೆ ಎಳೆದುಕೊಂಡ.

ಆಶಾಗೆ ತಲುಪಿದೆನೆಂದು ಹೇಳೋಣವೆಂದರೆ ಫೋನು ಹೋಗಲಿಲ್ಲ. ಹೆದ್ದಾರಿ ಅಗಲ ಮಾಡುವವರು ಮಣ್ಣು ಬಗೆಯುವಾಗ ಯಾವುದೋ ಕೇಬಲ್ಲು ಕಡಿದು, ಪೇಟೆಯ ಟವರು ಮಧ್ಯಾಹ್ನವೇ ಸತ್ತಿತ್ತು. ಅದಕ್ಕೆ ಮಾತ್ರ ಯಾರೂ ಸೂತಕ ಹಿಡಿದಿರಲಿಲ್ಲ.

ಬೆಳಗ್ಗೆ ನಟರಾಜ್ ಏಳುವಾಗ ಮಂಜು ಹಾಲಿನ ಕೆನೆಯ ಹಾಗೆ ಅಂಗಳದಲ್ಲಿ ಕಟ್ಟಿತ್ತು. ಮಾವ ಗೊರಕೆ ಹೊಡೆಯುತ್ತಿದ್ದ. ಗಂಗಾಮಣಿ ಕೊಟ್ಟಿಗೆಯಲ್ಲಿದ್ದಳು. ಕಿವಿಗೆ ಚಳಿ ಹೊಡೆಯದಿರಲೆಂದು ಗೂಟದ ಮೇಲಿದ್ದ ಮಾವನ ಬಿಳಿ ಟವೆಲನ್ನು ತಲೆಗೆ ಸುತ್ತಿ, ಕ್ಯಾನ್ವಾಸ್ ಬೂಟು ಬಿಗಿದು ಹೊರಬಿದ್ದ.

ಬೆಳೆದೂರಿನಲ್ಲಿ ಓಡುವ ಸುಖವೇ ಬೇರೆ. ಕಣ್ಣು ಮುಚ್ಚಿದರೂ ಕಾಲಿಗೆ ದಾರಿ ಗೊತ್ತು. ಹೆಂಚಿನ ಮನೆಗಳು ತಾರಸಿಯಾಗಿದ್ದವು, ಗಾಣದ ಜಾಗದಲ್ಲಿ ಮೊಬೈಲು ಅಂಗಡಿ ಬಂದಿತ್ತು. ಆದರೂ ನಟರಾಜನ ತಲೆಯೊಳಗಿನ ಊರು ಹಾಗೇ ಇತ್ತು. ಈ ಮೂಲೆಯ ಮನೆಗೆ ಅವರಜ್ಜನ ಸಾವು ಮುಟ್ಟಿಸಿದ್ದು ಅಡ್ಡಮಳೆಯಲ್ಲಿ. ಆ ಹಳದಿ ಗೇಟಿನ ಮನೆಗೆ ಹೋದಾಗ ನಾಯಿ ಅಟ್ಟಿಸಿಕೊಂಡು ಬಂದಿತ್ತು. ಈ ಓಣಿಯ ಕೊನೆಯ ಮನೆಯಲ್ಲಿ ಸುದ್ದಿ ಕೇಳಿ ಅತ್ತದ್ದಕ್ಕಿಂತ ನಕ್ಕದ್ದೇ ಹೆಚ್ಚು, ಸತ್ತವನು ಅಂಥವನು. ಒಂದೊಂದು ಬಾಗಿಲೂ ನೆನಪಾಗುತ್ತಾ, ಹಳೆಯ ಕಾಲು ಹಳೆಯ ಲಯಕ್ಕೆ ಬಿತ್ತು. ಎದೆಯುಬ್ಬಿತು. ಇಷ್ಟೆಲ್ಲ ನೆನಪಾದವನಿಗೆ, ಊರಿಗೂ ಅದೇ ನೆನಪಾದೀತು ಎಂಬುದೊಂದು ಹೊಳೆಯಲಿಲ್ಲ. ತನ್ನ ಬೆನ್ನು ತನಗೆ ಕಾಣದು.

ಮೊದಲು ಎದುರಾದವಳು ಮಾರಮ್ಮ. ಲಕ್ಕಯ್ಯನ ದೊಡ್ಡಪ್ಪನ ಸೊಸೆ, ಎಪ್ಪತ್ತು ದಾಟಿದವಳು. ಅಂಗಳಕ್ಕೆ ಸಗಣಿ ನೀರು ಚಿಮುಕಿಸುತ್ತಿದ್ದಳು.

"ಯಾರಪ್ಪ ಅದು? ನಟರಾಜಾನಾ! ಯಾವಾಗ್ ಬಂದ್ಯೋ? ಬಾ ಒಳಿಕ್ಕೆ, ಕಾಫಿ ಒಲೆ ಮೇಲೈತೆ."

ಬಾಯಿ ಬಿಡುವಂತಿಲ್ಲ. ನಟರಾಜ್ ಓಡುತ್ತಲೇ ಬೇಡವೆಂದು ಕೈಯಾಡಿಸಿದ.

"ಕಾಫಿ ಬೇಡ್ವಾ? ಹೋಗ್ಲಿ, ಹೊಸ್ಲು ತುಳ್ದು ಒಂದ್ ಲೋಟ ನೀರಾದ್ರೂ ಕುಡ್ಕಂಡ್ ಹೋಗೋ."

ಅದಕ್ಕೂ ಕೈಯಾಡಿಸಿದ. ಕೈಯೆತ್ತಿ ಮುಂದೆ ಓಡಿದ. ಹಿಂದೆ ಸಗಣಿ ನೀರಿನ ಬಕೆಟ್ಟು ಉರುಳಿದ ಸದ್ದಾಯಿತು. ಕಾಫಿಗೆ ಬಾರದ್ದಕ್ಕೆ ಅತ್ತೆಗೆ ಇಷ್ಟು ಸಿಟ್ಟೇ ಎಂದುಕೊಂಡ. ಏನು ಮಾಡುವುದು, ಅತ್ತೆಯ ಸಿಟ್ಟು ಸಂಜೆಗೆ ಇಳಿದೀತು, ಏರಿದ ಸಕ್ಕರೆ ಇಳಿಯಬೇಕಲ್ಲ.

ಹೆದ್ದಾರಿಗೆ ಬಂದರೆ ಸುರೇಂದ್ರನ ಹೋಟೆಲು. ಸುರೇಂದ್ರ ಅವನ ಜೊತೆ ಮೂರನೇ ಕ್ಲಾಸಿನಲ್ಲಿ ಎರಡು ಸಲ ಕೂತ ಗೆಳೆಯ. ನಟರಾಜ್ ಜನ್ಮದಲ್ಲಿ ಆ ಹೋಟೆಲನ್ನು ಹಾದು ಹೋಗಿ ಗೊತ್ತಿಲ್ಲದವನು. ಲಾರಿಯಲ್ಲಿದ್ದಾಗ ಬ್ರೇಕು ತಾನಾಗಿ ಬೀಳುತ್ತಿತ್ತು.

"ಏ ನಟ! ಮೊದಲ್ನೇ ಡಿಕಾಕ್ಷನ್ ಕಣೋ, ಬಾ ಬಾ!"

ನಟರಾಜ್ ಕೈಯೆತ್ತಿದ, ಹಾದು ಹೋದ. ಅವನ ಬೆನ್ನ ಹಿಂದೆ ನಡೆದದ್ದು ಅವನಿಗೆ ಗೊತ್ತಾದದ್ದು ಆಮೇಲೆ. ಸುರೇಂದ್ರ ಸೌಟು ಹಿಡಿದು ನಿಂತೇ ಬಿಟ್ಟನಂತೆ. ಇಡ್ಲಿ ತಿನ್ನುತ್ತಿದ್ದ ಲಾರಿಯವನು "ಯಾರು ಸ್ವಾಮಿ ಅದು?" ಎಂದು ಕೇಳಿದನಂತೆ.

"ಅವ್ನು ಓಡಿದ ಅಂದ್ರೆ ಒಂದು ತಲೆ ಹೋಯ್ತು ಅಂತ್ಲೇ ಲೆಕ್ಕ ಮಾರಾಯ. ನಮ್ ಲಕ್ಕಯ್ಯಣ್ಣ ಕಣ್ರೀ. ಇವ್ನನ್ನ ಊರಿಂದ ಕರೆಸ್ಕಂಡು, ಮುಖ ನೋಡ್ಕಂಡು, ಹೇಳ್ದಂಗೇ ಹೋಗ್ಬುಟ್ಟ. ಎಂಟು ವರ್ಷದಿಂದ ಬಡ್ಕಂತಿದ್ದ ಪಾಪ, ನಾವೇ ನಂಬ್ಲಿಲ್ಲ."

ಫೋನು ಮಾಡಿ ಕೇಳೋಣವೆಂದರೆ ಟವರಿಲ್ಲ. ಟವರಿಲ್ಲದ್ದಕ್ಕೇ ತಾನೆ ಮನುಷ್ಯ ಓಡುತ್ತಿರುವುದು! ಎಲ್ಲವೂ ತಾಳೆಯಾಯಿತು. ಸುರೇಂದ್ರ ಶಟರನ್ನು ಅರ್ಧಕ್ಕೆ ಎಳೆದ. ಅವನದು ನೋಡಿ ಪಕ್ಕದ ದಿನಸಿ ಅಂಗಡಿ, ಅದನ್ನು ನೋಡಿ ಗೊಬ್ಬರದ ಅಂಗಡಿ. ಗಾಳಿಸುದ್ದಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುದ್ದಿಗೆ ಇತ್ತು, ಅದೂ ಬೂಟು ಹಾಕಿದ ಕಾಲು.

ನಟರಾಜನಿಗೆ ಕಂಡದ್ದು ಬೇರೆಯೇ. ಸಂತೆ ಮೈದಾನದ ಬಳಿ ಕೂತಿದ್ದ ಮುದುಕರು ಅವನನ್ನು ಕಂಡು ಎದ್ದು ನಿಂತರು. ಒಬ್ಬ ಟೋಪಿ ತೆಗೆದ. ಕಾಫಿ ಕೊಯ್ಯುವ ಹೆಂಗಸರನ್ನು ತುಂಬಿಕೊಂಡು ಎಸ್ಟೇಟಿಗೆ ಹೊರಟಿದ್ದ ಜೀಪೊಂದು ಪಕ್ಕಕ್ಕೆ ಸರಿದು ದಾರಿ ಕೊಟ್ಟಿತು. ಒಳಗೆ ಅರಚುತ್ತಿದ್ದ ಹಾಡನ್ನು ಡ್ರೈವರು ಗಕ್ಕನೆ ನಿಲ್ಲಿಸಿದ. ಬಸ್ಸು ನಡೆಸುವಾಗ ಎಮ್ಮೆಯೂ ಅವನಿಗೆ ಇಷ್ಟು ಸಲೀಸಾಗಿ ದಾರಿ ಬಿಟ್ಟದ್ದಿಲ್ಲ. ಊರು ತನ್ನನ್ನು ಮರೆತಿಲ್ಲ ಎಂದು ಕಣ್ಣು ಒದ್ದೆಯಾಯಿತು. ಮರೆತಿರಲಿಲ್ಲ, ನಿಜವೇ.

ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಉಸ್ಸೆಂದು ಸಾಗುತ್ತಿತ್ತು. ನಟರಾಜ್ ನಿಂತಲ್ಲೇ ಕಾಲಾಡಿಸುತ್ತಿದ್ದ. ಗೇಟಿನ ಪಕ್ಕದ ಮನೆ ಕೃಷ್ಣಪ್ಪನದು. ಕೃಷ್ಣಪ್ಪನೂ ಲಕ್ಕಯ್ಯನೂ ಒಂದು ಕಾಲಕ್ಕೆ ಒಂದೇ ಬೀಡಿಯನ್ನು ಹಂಚಿಕೊಂಡು ಸೇದಿದವರು. ಮೆಣಸು ಕೊಯ್ಯಲು ಲಕ್ಕಯ್ಯನ ಬಿದಿರೇಣಿ ಒಯ್ದ ಕೃಷ್ಣಪ್ಪ ಅದನ್ನು ಹಿಂದಕ್ಕೆ ತಂದುಕೊಡಲಿಲ್ಲ. ಲಕ್ಕಯ್ಯ ಕೇಳಿದ್ದಕ್ಕೆ "ಏಣಿ ನನ್ದೇ" ಎಂದ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ, ಬೀಡಿಯಿಲ್ಲ. ಲಕ್ಕಯ್ಯನಿಗೆ ಸೌದೆಯ ಮೇಲೆ ಎಷ್ಟು ಪ್ರೀತಿಯೋ ಆ ಏಣಿಯ ಮೇಲೆ ಅಷ್ಟೇ ಉರಿ.

ಕೃಷ್ಣಪ್ಪ ಹೊರಗೆ ಬಂದ. ರೈಲಿನ ಗದ್ದಲದಲ್ಲಿ ಮಾತು ಕೇಳುವಂತಿರಲಿಲ್ಲ. ಅವನು ನಟರಾಜನ ತಲೆಯ ಬಿಳಿ ವಸ್ತ್ರ ನೋಡಿದ, ಒದ್ದೆ ಕಣ್ಣು ನೋಡಿದ, ಅವನ ತೋಳು ಹಿಡಿದು ಗದಗದ ನಡುಗಿದ. ಮುದುಕನಿಗೆ ಕೊನೆಗೂ ಹಗೆ ಕರಗಿದೆ, ಮಾವನ ಜೊತೆ ರಾಜಿ ಬಯಸುತ್ತಿದ್ದಾನೆ ಎಂದು ನಟರಾಜನಿಗೂ ಕರುಳು ಚುರ್ ಎಂದಿತು. ಭುಜ ತಟ್ಟಿದ. ಗೇಟು ತೆರೆಯಿತು. 'ಬರ್ತೀನಿ' ಎನ್ನದೆ, ಕೈಯೆತ್ತಿ ಓಡಿದ.

ಊರಾಚೆಯ ತೋಟದ ದಾರಿಯಲ್ಲಿ ಒಂದು ದೊಡ್ಡ ಸುತ್ತು ಹಾಕಿ, ಬೆವರು ಹರಿಸಿ, ಇವತ್ತಿಗೆ ಸಕ್ಕರೆ ಮಂಡಿಗಿಂತ ಕೆಳಗೆ ಇಳಿದಿರಬೇಕು ಎಂಬ ಖುಷಿಯಲ್ಲಿ ಅವನು ಮಾವನ ಓಣಿಗೆ ತಿರುಗಿದ. ತಿರುಗಿದವನು ನಿಂತ.

ಮನೆಯ ಮುಂದೆ ಜಾತ್ರೆಯಷ್ಟು ಜನ. ಮೌನವಾದ ಜಾತ್ರೆ. ಮಾರಮ್ಮ ಜಗಲಿಯ ಮೇಲೆ ಕಾಲು ಚಾಚಿ ಎದೆ ಬಡಿದುಕೊಳ್ಳುತ್ತಿದ್ದಳು. ಸುರೇಂದ್ರನ ಕೈಯಲ್ಲಿ ಚೆಂಡು ಹೂವಿನ ಹಾರ. ಬಾಗಿಲು ಮುಂದಕ್ಕೆ ಎಳೆದಿತ್ತು; ಒಳಗೆ ಮನೆಯವರು ಹೆಣಕ್ಕೆ ನೀರು ಹಾಕುತ್ತಿರಬೇಕೆಂದು ಯಾರೂ ನೂಕಿರಲಿಲ್ಲ. ನಟರಾಜ್ ಮನೆ ಬಿಟ್ಟಾಗ ಮಾವನ ಗೊರಕೆ ಕೇಳಿತ್ತು. ಅಷ್ಟರಲ್ಲಿ... ಈ ಸಲ ಗ್ಯಾರಂಟಿ ಎಂದಿದ್ದನಲ್ಲ! ಊರಿಗೆಲ್ಲ ಸಾವು ಸಾರಿ ಬಂದವನು, ಆ ಸಾವನ್ನು ಊರಿನಿಂದ ಕೇಳಿ ತಿಳಿಯುವ ಸ್ಥಿತಿಗೆ ಬಂದಿದ್ದ.

"ಮಾವಾ!" ಎಂದು ಚೀರಿ ಜಗಲಿಯ ಮೇಲೆ ಕುಸಿದ. ಮೂಗಿನ ಉಸಿರು, ಮುಚ್ಚಿದ ಬಾಯಿ, ಎಲ್ಲ ಮರೆತುಹೋಯಿತು. "ಕಡುಬು ನೀನೊಬ್ನೇ ತಿಂದ್ಯಲ್ಲೋ ಮಾವ, ನಿನ್ ಕೈಯಾರೆ ಒಂದ್ ಚೂರು ತಿನ್ಲಿಲ್ವಲ್ಲೋ ನಾನು!"

ಅವನು ಅತ್ತದ್ದನ್ನು ನೋಡಿ ಮಾರಮ್ಮನ ಅಳು ಎರಡು ಪಟ್ಟಾಯಿತು. ನಾಲ್ಕು ಗಂಡಸರು ಇನ್ನು ತಡ ಮಾಡಬಾರದೆಂದು ಹಿತ್ತಲಿಗೆ ಹೋಗಿ ಸೌದೆ ಹೊತ್ತು ತಂದು ಅಂಗಳದಲ್ಲಿ ಹಾಕತೊಡಗಿದರು. ಎರಡು ಹೊರೆ ಬಂತು. ಮೂರನೇ ಹೊರೆಯ ಹಿಂದೆ ಒಂದು ಗುಡುಗು ಬಂತು.

"ಯಾವನ್ಲಾ ಅದು ನನ್ ಸೌದೆ ಮುಟ್ಟಿದ್ದು!"

ಲಕ್ಕಯ್ಯ ಕಾಫಿ ತೋಟದ ಮರೆಯಿಂದ ಚೊಂಬು ಹಿಡಿದು ಬರುತ್ತಿದ್ದ. ಮುಂಜಾನೆಯ ಕೆಲಸಕ್ಕೆ ಮನೆಯೊಳಗೆ ಕಟ್ಟಿಸಿದ ಕೋಣೆ ಅವನಿಗೆ ಒಗ್ಗಿರಲಿಲ್ಲ. ಗಂಗಾಮಣಿ ಡೈರಿಗೆ ಹೋಗಿದ್ದಳು. ಅಂಗಳದಲ್ಲಿದ್ದವರೆಲ್ಲ ಕಲ್ಲಾದರು. ಸೌದೆ ಹೊತ್ತವನ ತಲೆಯಿಂದ ಹೊರೆ ಜಾರಿತು. ಮಾರಮ್ಮ ಎದೆಗೆ ಹೊಡೆಯಲೆಂದು ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತಲೆಯ ಮೇಲಿಟ್ಟುಕೊಂಡಳು.

"ಏನ್ರೋ ಇದು? ಯಾರ್ ಸತ್ರು?" ಎಂದ ಲಕ್ಕಯ್ಯ.

ಸುರೇಂದ್ರ ಹಾರವನ್ನು ಬೆನ್ನ ಹಿಂದೆ ಮರೆಮಾಡುತ್ತಾ, "ನೀನೇ ಕಣಣ್ಣ" ಎಂದ.

"ಯಾರಂದ್ರು?"

ಎಲ್ಲರೂ ನಟರಾಜನ ಕಡೆ ನೋಡಿದರು. ನಟರಾಜ್ ಮೂಗೊರೆಸಿಕೊಳ್ಳುತ್ತಾ, "ನಾನ್ ಬಾಯೇ ಬಿಟ್ಟಿಲ್ಲ ಮಾವ" ಎಂದ.

ಲಕ್ಕಯ್ಯ ಅಳಿಯನ ತಲೆಯ ಮೇಲಿದ್ದ ತನ್ನ ಬಿಳಿ ಟವೆಲ್ಲನ್ನು ನೋಡಿದ. ಬೂಟು ನೋಡಿದ. ಹಳೆಯ ಮೇಸ್ತ್ರಿಗೆ ಒಂದು ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು. ಸಿಟ್ಟಾಗುತ್ತಾನೆಂದು ಜನ ಕಾದರೆ, ಅವನು ಚೊಂಬು ಕೆಳಗಿಟ್ಟು, ಜಗಲಿಯ ಮೇಲೆ ಕೂತು, ಎಸ್ಟೇಟಿನಲ್ಲಿ ಆಳು ಎಣಿಸುವ ಹಾಗೆ ಗುಂಪಿನ ಮೇಲೆ ಕಣ್ಣು ಹಾಯಿಸಿದ.

"ಪಾಳ್ಯದೋರು ಕಾಣ್ತಾ ಇಲ್ಲ?"

"ಸುದ್ದಿ ಹೋಗೈತೆ ಅಣ್ಣ, ಬರ್ತಾವ್ರೆ."

"ಗೊಬ್ಬರದ ಅಂಗ್ಡಿಯೋನು?"

"ಅರ್ಧ ಬಾಗ್ಲು ಹಾಕವ್ನೆ."

"ಅರ್ಧಾನಾ? ನಾನೇನ್ ಅರ್ಧ ಸತ್ತಿದ್ನಾ? ಪೂರ್ತಿ ಹಾಕ್ಬೇಕಿತ್ತು."

ಆಗ ಓಣಿಯ ತುದಿಯಲ್ಲಿ ಕೃಷ್ಣಪ್ಪ ಕಾಣಿಸಿಕೊಂಡ. ಕಣ್ಣು ಕೆಂಪಾಗಿತ್ತು. ಹೆಗಲ ಮೇಲೆ ಏಣಿಯಿತ್ತು. ಬಿದಿರೇಣಿ. ಜನ ದಾರಿ ಬಿಟ್ಟರು. ನೆಲ ನೋಡುತ್ತ ಅಂಗಳದ ನಡುವಿಗೆ ಬಂದ ಕೃಷ್ಣಪ್ಪ, ಏಣಿಯನ್ನಿಳಿಸಿ, "ಚಟ್ಟಕ್ಕಾದ್ರೂ ಆಗ್ಲಿ ಅಂತ ತಂದೆ ಲಕ್ಕಯ್ಯಾ. ನಿನ್ದೇ ಕಣಪ್ಪ ಏಣಿ, ನಿನ್ದೇ" ಎಂದು ಗೋಳಿಟ್ಟು, ತಲೆಯೆತ್ತಿದರೆ ಎದುರಿಗೆ ಲಕ್ಕಯ್ಯ ಕೂತಿದ್ದ.

"ಇದೊಂದ್ ಮಾತಿಗೆ ನಾನು ಸಾಯ್ಬೇಕಾಯ್ತೇನ್ಲಾ?" ಎಂದ ಲಕ್ಕಯ್ಯ.

ಅಂಗಳ ನಗುವಿನಿಂದ ಒಡೆಯಿತು. ಆದರೆ ನಾಗರತ್ನಮ್ಮ ನಗಲಿಲ್ಲ. ಕುಲದಲ್ಲಿ ಎಲ್ಲರಿಗಿಂತ ಹಿರಿಯಳು, ಮದುವೆಗೂ ಮಸಣಕ್ಕೂ ಅವಳು ಹೇಳಿದ್ದೇ ಕಟ್ಟಳೆ. ಕೋಲೂರಿಕೊಂಡು ಮುಂದೆ ಬಂದಳು.

"ನಗ್ಬೇಡ್ರೋ. ಬದುಕಿರೋನ ಮೇಲೆ ಸಾವಿನ ಸುದ್ದಿ ಹುಟ್ಟೈತೆ. ಅದು ಹಸ್ಕಂಡು ನಿಂತಿರ್ತದೆ. ಇದೇ ಅಂಗ್ಳದಲ್ಲಿ ಒಲೆ ಹೂಡಿ ಪಾಯ್ಸ ಮಾಡ್ಬೇಕು. ಸುದ್ದಿ ತಂದೋನು ಸುದ್ದಿಯಾದೋನ ಕೈಯಿಂದ ಮೊದಲ್ನೇ ತುತ್ತು ತಿನ್ಬೇಕು. ಆಗ್ಲೇ ಅದ್ರ ಬಾಯಿ ಮುಚ್ಚೋದು."

"ಅಜ್ಜೀ, ನಾನು ಸುದ್ದೀನೇ ತಂದಿಲ್ಲ! ಬಾಯೇ ತೆಗ್ದಿಲ್ಲ!" ಎಂದ ನಟರಾಜ್.

"ತೆಗ್ದಿದ್ರೆ ಈ ಪಾಡು ಯಾಕಪ್ಪ ಬರ್ತಿತ್ತು?"

ಅಷ್ಟು ಜನಕ್ಕೆ ಪಾಯಸವೆಂದರೆ ಗ್ಯಾಸಿನ ಒಲೆಗೆ ಆಗುವ ಮಾತಲ್ಲ. ಮದುವೆಯ ಹಂಡೆ ಬಂತು. ಸೌದೆ ಹೇಗೂ ಅಂಗಳದಲ್ಲೇ ಬಿದ್ದಿತ್ತು. ಕೃಷ್ಣಪ್ಪ ಬೆಂಕಿ ಹಚ್ಚಿದ. ಎಂಟು ಬೇಸಿಗೆ ಒಣಗಿದ ಮಾವು. ಕಡ್ಡಿ ತೋರಿಸಿದ್ದೇ ತಡ, ಭಗ್ಗೆಂದಿತು. "ಒಂದೆರಡ್ ಸೀಳು ಉಳಿಸ್ರೋ, ಪೂರ್ತಿ ಹಾಕ್ಬೇಡ್ರೋ" ಎಂದು ಲಕ್ಕಯ್ಯ ಗೋಗರೆಯುತ್ತಿದ್ದ. ಅಷ್ಟೊತ್ತಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಸ್ಕೂಟರಿನಲ್ಲಿ ಬಂದಿಳಿದ ಗಂಗಾಮಣಿ, ಅಪ್ಪನ ಚಿತೆಯ ಮೇಲೆ ಪಾಯಸ ಕುದಿಯುವುದನ್ನು ಕಂಡು, "ಚೆನ್ನಾಗಿ ಉರೀತದೆ ಕಣಪ್ಪ. ಒಳ್ಳೇ ಸೌದೆ" ಎಂದಳು.

ತುತ್ತಿನ ಹೊತ್ತು ಬಂತು. ಬಾಳೆಲೆಯ ದೊನ್ನೆಯಲ್ಲಿ ಬೆಲ್ಲದ ಪಾಯಸ, ಮೇಲೆ ತುಪ್ಪದ ಹೊಂಡ. ನಟರಾಜನಿಗೆ ಅದರಲ್ಲಿ ಡಿಪೋದ ಗೇಟು ಕಂಡಿತು, ಕುರ್ಚಿ ಕಂಡಿತು, ತನ್ನ ಬಸ್ಸನ್ನು ಇನ್ಯಾರೋ ಹೊರಗೆ ತೆಗೆಯುವುದು ಕಂಡಿತು. ಮಾವನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದ. ಸೋಮವಾರದ ರಕ್ತಪರೀಕ್ಷೆ, ಸ್ಟೀರಿಂಗು, ಎಲ್ಲ. "ನೀನ್ ಹೆಂಗೂ ಸಾಯಾಕೆ ರೆಡಿ ಇದ್ಯಲ್ಲ ಮಾವ. ಇದೊಂದು ಶಾಸ್ತ್ರ ಬುಟ್ಬುಟ್ರೆ ಏನಾಯ್ತದೆ?"

ಎಂಟು ವರ್ಷದಿಂದ ಸಾವಿಗೆ ಸೌದೆ ಒಟ್ಟಿಕೊಂಡು ಕೂತವನು ದೊನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಂಗಳದಲ್ಲಿ ಹರಡಿದ್ದ ಹೂವು ನೋಡಿದ, ಏಣಿ ನೋಡಿದ. ತನ್ನ ಚಟ್ಟ ಯಾವ ಅಳತೆಗೆ ಬರುತ್ತಿತ್ತೆಂದು ಅವನಿಗೆ ಆಗಲೇ ಕಂಡಂತಿತ್ತು.

"ಬಾಯ್ ಬುಡೋ ನಟ" ಎಂದ, ಯಾರಿಗೂ ಕೇಳಿಸದ ಹಾಗೆ. "ನಂಗೆ ಭಯ ಆಯ್ತದೆ ಕಣೋ."

ಸುದ್ದಿ ಹೊತ್ತು ಓಡಿದ ವರ್ಷಗಳಲ್ಲಿ ನಟರಾಜ್ ಬಹಳ ಮುಖ ನೋಡಿದ್ದ. ಆ ಮುಖಗಳಲ್ಲಿ ಯಾವುದೂ ಮಾವನದಾಗಿರಲಿಲ್ಲ. ಅವನು ಬಾಯಿ ತೆರೆದ. ಒಂದು ತುತ್ತೆಂದಿದ್ದು ಒಂದು ದೊನ್ನೆಯಾಯಿತು. ಮಾವನಾದ ಮೇಲೆ ಮಾರಮ್ಮ, "ನನ್ ಕಾಫಿ ಬ್ಯಾಡ ಅಂದ್ಯಲ್ಲ, ತಿನ್ನು" ಎಂದು ತುಂಬಿದಳು. ಕೃಷ್ಣಪ್ಪ ತುಂಬಿದ. ಸುರೇಂದ್ರ ಹೋಟೆಲಿನಿಂದ ಮೊದಲನೇ ಡಿಕಾಕ್ಷನ್ನಿನ ಕಾಫಿಯನ್ನೇ ತರಿಸಿದ. ಎರಡು ತಿಂಗಳ ಬೆವರು ಒಂದು ಅಂಗಳದಲ್ಲಿ ಮಣ್ಣಾಯಿತು.

ಮಾರನೆಯ ಬೆಳಗ್ಗೆ ಅವನು ಬೂಟು ಬಿಗಿಯುತ್ತಿದ್ದರೆ ಗಂಗಾಮಣಿ ಅಡ್ಡ ನಿಂತಳು. "ಇವತ್ತು ಯಾರನ್ನ ಸಾಯಿಸ್ತೀಯ?" ನಾಗರತ್ನಮ್ಮನ ಅಪ್ಪಣೆಯಾಗಿತ್ತು, ನಟರಾಜ್ ಪೇಟೆಯಲ್ಲಿ ಒಂಟಿಯಾಗಿ ಓಡಕೂಡದು.

"ಒಂಟಿಯಾಗಿ ಯಾಕೆ ಓಡ್ತಾನೆ?" ಎಂದ ಲಕ್ಕಯ್ಯ. ಒಗೆದ ಪಂಚೆ ಉಟ್ಟು, ಆ ಬಿಳಿ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. "ಸತ್ತ ಸುದ್ದಿ ಎಲ್ಲೆಲ್ಲಿ ಹೋಗೈತೋ ಅಲ್ಲೆಲ್ಲ ನಾನು ಕಾಣಿಸ್ಕಬೇಕು. ಸ್ಕೂಟರ್ ತೆಗಿಯೇ."

ಹೀಗೆ ಮೆರವಣಿಗೆ ಹೊರಟಿತು. ಮುಂದೆ ನಟರಾಜ್, ಹಿಂದೆ ಗಂಗಾಮಣಿಯ ಸ್ಕೂಟರು, ಅದರ ಹಿಂಬದಿಯಲ್ಲಿ ಕಾಲು ಒಂದೇ ಕಡೆ ಹಾಕಿಕೊಂಡು, ಎರಡೂ ಬದಿಗೆ ಕೈ ಮುಗಿಯುತ್ತಾ ಲಕ್ಕಯ್ಯ. ಪೇಟೆಗಷ್ಟೇ ಮುಗಿಯಲಿಲ್ಲ. ಸುದ್ದಿ ಪಾಳ್ಯದ ದಾರಿಯ ಹಳ್ಳಿಗಳಿಗೂ ಹೋಗಿತ್ತು. ಅಲ್ಲಿಗೂ ಓಡಬೇಕಾಯಿತು. ಗದ್ದೆ ಬಯಲು, ರಾಗಿ ಕಣ, ದಿಣ್ಣೆ, ಇಳಿಜಾರು. ನಿಧಾನ ಮಾಡಿದರೆ ಬೆನ್ನ ಹಿಂದಿನಿಂದ ಮೇಸ್ತ್ರಿಯ ಗಂಟಲು.

"ಹಿಂಗೆ ನಡಿಯೋ ಆಳಿಗೆ ನಾನು ಅರ್ಧ ಸಂಬ್ಳ ಕೊಡ್ತಿದ್ದೆ! ಓಡೋ!"

ಮನೆಮನೆಯಲ್ಲೂ ಕಾಫಿ ಬಂತು. ಎಲ್ಲ ಕಡೆಯೂ ಲಕ್ಕಯ್ಯ ಇಳಿದು, ಹೊಸ್ತಿಲು ತುಳಿದು, ಕೂತು, ತನ್ನದನ್ನೂ ಕುಡಿದು ಅಳಿಯನದನ್ನೂ ಕುಡಿದು, 'ಬರ್ತೀನಿ' ಎಂದು ಮೂರು ಮೂರು ಸಲ ಹೇಳಿ ಬಂದ. ಶುಕ್ರವಾರ ಒಂದು ದಿಕ್ಕು, ಶನಿವಾರ ಇನ್ನೊಂದು ದಿಕ್ಕು. ಶನಿವಾರ ರಾತ್ರಿ ಬಸ್ಸು ಹತ್ತುವಾಗ ನಟರಾಜನ ಮಂಡಿಗಳು ಹಳೆಯ ಲಾರಿಯ ಸ್ಪ್ರಿಂಗಿನ ಹಾಗೆ ಕಿರುಗುಟ್ಟುತ್ತಿದ್ದವು.

ಸೋಮವಾರ ಡಾಕ್ಟರು ಕಾಗದ ನೋಡಿ, ಇವನ ಮುಖ ನೋಡಿ, "ಗೆರೆ ದಾಟಿಲ್ಲ. ಓಡುವುದು ಮಾತ್ರ ನಿಲ್ಲಿಸಬೇಡಿ. ಒಳ್ಳೆಯ ಕೋಚ್ ಸಿಕ್ಕಿದ್ದಾರೇನು?" ಎಂದರು. ನಟರಾಜ್ ಹೌದೆಂದು ತಲೆಯಾಡಿಸಿದ.

ಅದಾಗಿ ವಾರ ಕಳೆದು, ಅವನು ತನ್ನ ಬಸ್ಸಿನಲ್ಲಿ ಕೂತು ಕಂಡಕ್ಟರನಿಗೆ ಕಾಯುತ್ತಿದ್ದಾಗ ಫೋನು ಬಂತು.

"ಗಂಗಾಮಣಿ ನಂಗೂ ರಕ್ತ ಪರೀಕ್ಷೆ ಮಾಡಿಸ್ಬುಟ್ಲು ಕಣೋ. ಸಕ್ರೆ ಐತಂತೆ. ದಿನಾ ನಡೀಬೇಕಂತೆ" ಎಂದ ಲಕ್ಕಯ್ಯ, ಅದು ನಟರಾಜನದೇ ತಪ್ಪು ಎಂಬ ದನಿಯಲ್ಲಿ. "ಸೌದೆ ಹೊಸ್ದಾಗಿ ಸೀಳಿಸ್ದೆ. ಹಸಿ ಐತೆ. ಈ ಬೇಸ್ಗೆಗೆ ಒಣಗಾಕಿಲ್ಲ, ಆಮೇಲೆ ಮಳೆ. ಮುಂದಿನ್ ವರ್ಷ ಏನಾದ್ರೂ ಆಯ್ತದಾ ನೋಡಾನ. ಅವಸ್ರ ಇಲ್ಲ."

"ಏಣಿ ಮಾವ?"

ಅತ್ತ ಕಡೆ ಲಕ್ಕಯ್ಯ ಕ್ಯಾಕರಿಸಿ ಉಗಿದದ್ದು ಕೇಳಿಸಿತು.

"ಅವತ್ತು ಸಂಜೇನೇ ಹೊತ್ಕಂಡ್ ಹೋದ, ಬೇವರ್ಸಿ. ಬದುಕಿರೋರಿಗೆ ಕೊಡಾಕಿಲ್ವಂತೆ."

ಕಂಡಕ್ಟರು ಸೀಟಿ ಊದಿದ. ನಟರಾಜ್ ಫೋನನ್ನು ಜೇಬಿಗಿಳಿಸಿ, ಸ್ಟೀರಿಂಗಿಗೆ ಕೈ ಮುಗಿದು, ನೆಟ್ಟನೆಯ ದಾರಿಗೆ ಬಸ್ಸು ತಿರುಗಿಸಿದ.